ನೃಪತುಂಗ: ಅರಸುತನ ಮತ್ತು ಅಲಂಕಾರ

ರಾಷ್ಟ್ರಕೂಟ ಮೂರನೆಯ ಗೋವಿಂದನ ಮಗ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು, ಗುಜರಾತ ಶಾಖೆಯ ಕರ್ಕನ ನೆರವಿನಿಂದ 821ರ ಹೊತ್ತಿಗೆ ಸಿಂಹಾಸನ ಭದ್ರವಾಯಿತು. ರಾಷ್ಟ್ರಕೂಟರ ಹಿಂದಿನ ನೆಲೆಯಾದ ಮಯೂರಖಂಡಿಯನ್ನು ಬೀದರ ಸೀಮೆಯ ಮೋರಖಂಡಿಯೆಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ. ಇವನ ಕಾಲದ ರಾಜಧಾನಿ ಮಾನ್ಯಖೇಟ. ಗಂಗರೊಡನೆ ದೀರ್ಘಕಾಲ ಕಾದಿದ ಅರಸನು ಮಗಳು ಚಂದ್ರೋಬಲಬ್ಬೆಯನ್ನು ಬೂತುಗನಿಗೆ ಕೊಟ್ಟು ಹಗೆತನವನ್ನು ಕೊನೆಗಾಣಿಸಿದನು.

ಅವನ ಕೀರ್ತಿ ನಿಂತಿರುವುದು ಮುಖ್ಯವಾಗಿ 'ಕವಿರಾಜಮಾರ್ಗ'ದ ಮೇಲೆ. 1898ರಲ್ಲಿ ಇದನ್ನು ಸಂಪಾದಿಸಿದ ಕೆ.ಬಿ. ಪಾಠಕರು ಅರಸನನ್ನೇ ಕರ್ತೃವೆಂದರು. ಆಸ್ಥಾನಕವಿ ಶ್ರೀವಿಜಯನು ನೃಪತುಂಗನ ಮತಾನುಸಾರ ರಚಿಸಿದನೆಂಬುದು ಅನಂತರ ಪ್ರಬಲವಾದ ಅಭಿಪ್ರಾಯ. ಕೃತಿಯ ಮೂರು ಪರಿಚ್ಛೇದಗಳು ಕ್ರಮವಾಗಿ ದೋಷಾದೋಷ, ಶಬ್ದಾಲಂಕಾರ, ಅರ್ಥಾಲಂಕಾರಗಳನ್ನು ನಿರೂಪಿಸುತ್ತವೆ. ದಂಡಿಯ 'ಕಾವ್ಯಾದರ್ಶ'ಕ್ಕೆ ಋಣಿಯಾದರೂ ಇದು ಬರಿಯ ಅನುವಾದವಲ್ಲ. ಸಂಸ್ಕೃತ ಕನ್ನಡ ಪದಗಳನ್ನು ಸಮಾಸದಲ್ಲಿ ವಿವೇಚನೆಯಿಲ್ಲದೆ ಬೆರೆಸುವುದನ್ನು ದೋಷವೆನ್ನುವಾಗಲೂ, ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಓದಿಲ್ಲದೆಯೂ ನುಡಿಬಲ್ಲವರೆನ್ನುವಾಗಲೂ ಮಾತಿನ ಅಳತೆಗೋಲು ಕನ್ನಡದ್ದೇ. ಕೇಳುಗರೇ ಇಂಥ ಬಲ್ಲವರಾದಾಗ ಅವರನ್ನು ಒಪ್ಪಿಸಬೇಕಾದ ನುಡಿಗೆ ಅಲಂಕಾರವು ಹೊರಗಿನ ಒಡವೆಯಾಗದೆ ಔಚಿತ್ಯದ ಪ್ರಶ್ನೆಯಾಗುತ್ತದೆ.

ಜಿನಸೇನಾಚಾರ್ಯರ ಭಕ್ತನಾದ ನೃಪತುಂಗನು ಸುಮಾರು 64 ವರ್ಷ ಆಳಿದನು. ವಿವೇಕದಿಂದ ರಾಜ್ಯ ತೊರೆದನೆಂದು ಅವನ ಹೆಸರಿನಲ್ಲಿರುವ 'ಪ್ರಶ್ನೋತ್ತರರತ್ನಮಾಲಿಕೆ' ತಿಳಿಸುತ್ತದೆ. ಅವನು ಕಾದು ಉಳಿಸಿಕೊಂಡ ರಾಜ್ಯ 10ನೆಯ ಶತಮಾನದ ಕೊನೆಯಲ್ಲಿ ಅಳಿಯಿತು. ಅವನ ಆಸ್ಥಾನದಲ್ಲಿ ರೂಪುಗೊಂಡ ನುಡಿಯ ವಿವೇಚನೆ ಕನ್ನಡ ಕಾವ್ಯಮೀಮಾಂಸೆಗೆ ತಳಹದಿಯಾಗಿ ಉಳಿಯಿತು.