ಬ್ರೇಕಿಗೆ ಚರ್ಮ ಹೊದಿಸಿದ ಬರ್ತಾ ಬೆಂಜ್: ಹಳೆಯ ಸ್ಪೋರ್ಟ್ಸ್ ಕಾರಿಗೆ ರೇಸ್ ಪ್ಯಾಡ್ ಹಾಕಿಸುವ ಮುನ್ನ ಇದನ್ನು ಓದಿ

ಹಳೆಯ ಸ್ಪೋರ್ಟ್ಸ್ ಕಾರಿಗೆ ರೇಸ್ ಕಾರಿನ ಬ್ರೇಕ್ ಪ್ಯಾಡ್ ಹಾಕಿಸಿದರೆ ಗಾಡಿ ಇದ್ದಲ್ಲೇ ನಿಲ್ಲುತ್ತದೆ ಎಂದು ಅನೇಕರು ನಂಬಿದ್ದಾರೆ. ಬೆಲೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು ಎಂಬುದು ಅವರ ಲೆಕ್ಕ. ಇದು ನಿಜವೇ? ಪೂರ್ತಿ ನಿಜವಲ್ಲ, ಕೆಲವು ಸಂದರ್ಭಗಳಲ್ಲಿ ಅಪಾಯ ಕೂಡ. ಕಾರಣ ತಿಳಿಯಬೇಕಾದರೆ, ಮೋಟಾರು ಕಾರಿನ ಬ್ರೇಕಿಗೆ ಮೊದಲ ಬಾರಿ ಲೈನರ್ ಹಾಕಿಸಿದ ಮಹಿಳೆಯ ಬದುಕನ್ನು ತಿಳಿಯುವುದು ಒಳ್ಳೆಯದು. ಅವರ ಹೆಸರು ಬರ್ತಾ ಬೆಂಜ್.

ತವರಿನ ಹಣದಲ್ಲಿ ಉಳಿದ ವರ್ಕ್‌ಶಾಪ್

ಬರ್ತಾ ಹುಟ್ಟಿದ್ದು 1849ರ ಮೇ 3ರಂದು, ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ. ತವರಿನ ಹೆಸರು ರಿಂಗರ್. ತಂದೆ ಅನುಕೂಲಸ್ಥ ಮರಗೆಲಸಗಾರರು. ಬರ್ತಾ ಮದುವೆಯಾಗಲು ಒಪ್ಪಿದ್ದು ಕೈಯಲ್ಲಿ ಕಾಸಿಲ್ಲದ ಎಂಜಿನಿಯರ್ ಕಾರ್ಲ್ ಬೆಂಜ್ ಅವರನ್ನು. ಮ್ಯಾನ್‌ಹೈಮ್ ನಗರದಲ್ಲಿ ಕಾರ್ಲ್ ನಡೆಸುತ್ತಿದ್ದ ವರ್ಕ್‌ಶಾಪ್ ಪಾಲುದಾರನಿಂದಾಗಿ ಮುಳುಗುವ ಸ್ಥಿತಿಗೆ ಬಂದಿತ್ತು. ಆಗ ಬರ್ತಾ, ಮದುವೆಗೆ ಮೊದಲೇ, ತಮಗೆ ಬರಬೇಕಿದ್ದ ವರದಕ್ಷಿಣೆಯ ಹಣ ತರಿಸಿ ಆ ಪಾಲನ್ನು ಬಿಡಿಸಿಕೊಟ್ಟರು. 1872ರ ಜುಲೈನಲ್ಲಿ ಮದುವೆ ನಡೆಯಿತು. ಮುಂದೆ ಐದು ಮಕ್ಕಳಾದರು.

ಕಾರ್ಲ್ ತಮ್ಮ ಮೂರು ಗಾಲಿಯ ಪೆಟ್ರೋಲ್ ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರ ಜನವರಿ 29ರಂದು. ಆದರೆ ಗಾಡಿ ಕೊಳ್ಳುವವರು ಇರಲಿಲ್ಲ. ಕುದುರೆ ಇಲ್ಲದ ಗಾಡಿ ದೂರದ ಊರು ಮುಟ್ಟುತ್ತದೆ ಎಂದು ಜನ ನಂಬಲಿಲ್ಲ. ಕಾರ್ಲ್ ಅವರದು ಇನ್ನೂ ಸರಿಪಡಿಸೋಣ, ಇನ್ನೂ ನೋಡೋಣ ಎನ್ನುವ ಸ್ವಭಾವ. ಗಾಡಿಯನ್ನು ರಸ್ತೆಗಿಳಿಸಿ ತೋರಿಸಬೇಕೆಂದು ನಿರ್ಧರಿಸಿದವರು ಬರ್ತಾ.

ಕಿತ್ತೂರಿನಿಂದ ರಾಮದುರ್ಗದಷ್ಟು ದೂರ

1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳಾದ ಓಯ್ಗನ್ ಮತ್ತು ರಿಚರ್ಡ್ ಅವರನ್ನು ಕರೆದುಕೊಂಡು ಬರ್ತಾ ತವರಿಗೆ ಹೊರಟರು. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 106 ಕಿಲೋಮೀಟರ್. ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಮುಟ್ಟಿದರೆ ಹೆಚ್ಚುಕಡಿಮೆ ಅಷ್ಟೇ ದೂರ. ವೇಗ ಹೆಚ್ಚೆಂದರೆ ಗಂಟೆಗೆ 16 ಕಿಲೋಮೀಟರ್. ದಾರಿಯೆಲ್ಲ ಕುದುರೆಗಾಡಿಗಳ ಮಣ್ಣು ರಸ್ತೆ, ಪೆಟ್ರೋಲ್ ಬಂಕ್ ಎಂಬುದೇ ಇಲ್ಲ.

ಇಂಧನ ಮುಗಿದಾಗ ವೀಸ್ಲೋಕ್ ಪಟ್ಟಣದ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಣ ಕೊಂಡರು. ಅದು ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ದ್ರಾವಣ. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಇಗ್ನಿಷನ್ ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಸರಪಳಿಯನ್ನು ಕಮ್ಮಾರನಿಂದ ಸರಿಮಾಡಿಸಿದರು. ಏರು ಬಂದಲ್ಲಿ ಮಕ್ಕಳು ಗಾಡಿ ತಳ್ಳಿದರು.

ಏರಿಗಿಂತ ಇಳಿಜಾರು ಕಷ್ಟವಾಯಿತು. ಬ್ರೇಕ್ ಎಂದರೆ ಗಾಲಿಗೆ ಒತ್ತುವ ಮರದ ತುಂಡು, ಅಷ್ಟೇ. ಇಳಿಯುತ್ತಾ ಇಳಿಯುತ್ತಾ ಮರ ಸವೆದು ಹಿಡಿತ ತಪ್ಪತೊಡಗಿತು. ಬೌಶ್ಲಾಟ್ ಎಂಬ ಊರಿನಲ್ಲಿ ಬೂಟು ಹೊಲಿಯುವವರ ಅಂಗಡಿ ಹುಡುಕಿ, ಆ ಮರದ ಮೇಲೆ ಚರ್ಮದ ಪಟ್ಟಿ ಹೊಡೆಸಿದರು. ಸಂಜೆಗತ್ತಲಲ್ಲಿ ತವರು ಮುಟ್ಟಿ ಗಂಡನಿಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮರಳಿದರು.

ಬ್ರೇಕ್ ಲೈನರ್ ಅವರೇ ಕಂಡುಹಿಡಿದರೇ?

ಅರ್ಧ ನಿಜ. ಮೋಟಾರು ಕಾರಿನ ಬ್ರೇಕಿಗೆ ಲೈನರ್ ಹಾಕಿಸಿದ ಮೊದಲಿಗರು ಎಂಬ ಗೌರವ ಅವರಿಗೆ ಸಲ್ಲುತ್ತದೆ. ಆದರೆ ಅದಕ್ಕೆ ಪೇಟೆಂಟ್ ಪಡೆದವರಲ್ಲ, ಕಾರ್ಖಾನೆ ತೆರೆದವರೂ ಅಲ್ಲ. ಬ್ರೇಕ್ ಲೈನರನ್ನು ಉದ್ಯಮವಾಗಿ ಬೆಳೆಸಿದವರು ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್. 1897ರಲ್ಲಿ ಅವರು ಶುರುಮಾಡಿದ ಕೆಲಸವೇ ಮುಂದೆ ಫೆರೋಡೊ ಕಂಪನಿಯಾಯಿತು.

ಚರ್ಮ ಏಕೆ ಕೆಲಸ ಮಾಡಿತು? ಅದು ಮರಕ್ಕಿಂತ ಚೆನ್ನಾಗಿ ಗಾಲಿಯನ್ನು ಹಿಡಿಯುತ್ತದೆ. ಆದರೆ ಜೋರಾಗಿ ಬಿಸಿಯಾದರೆ ಸುಟ್ಟುಹೋಗುತ್ತದೆ. 16 ಕಿಲೋಮೀಟರ್ ವೇಗದ ಹಗುರ ಗಾಡಿಗೆ ಅಷ್ಟು ಬಿಸಿಯ ಭಯವಿರಲಿಲ್ಲ. ಆ ಗಾಡಿಗೆ, ಆ ದಾರಿಗೆ ಅದು ಸರಿಯಾದ ಆಯ್ಕೆ. ಬ್ರೇಕ್ ಪ್ಯಾಡ್ ಆರಿಸುವ ನಿಯಮ ಇಂದಿಗೂ ಇದೇ: ನಿಮ್ಮ ಗಾಡಿಯ ತೂಕ, ವೇಗ ಮತ್ತು ದಾರಿ ಎಷ್ಟು ಬಿಸಿ ಹುಟ್ಟಿಸುತ್ತವೋ ಆ ಬಿಸಿಯಲ್ಲಿ ಚೆನ್ನಾಗಿ ಹಿಡಿಯುವ ಪ್ಯಾಡೇ ಒಳ್ಳೆಯ ಪ್ಯಾಡ್.

ಬಿಸಿಯ ಲೆಕ್ಕ

ಬ್ರೇಕ್ ಮಾಡುವ ಕೆಲಸ ವೇಗವನ್ನು ಬಿಸಿಯಾಗಿ ಬದಲಿಸುವುದು. 1000 ಕಿಲೋ ತೂಕದ ಕಾರು 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತಾಗ ಹುಟ್ಟುವ ಬಿಸಿ, ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿ ದಾಟಿಸುವಷ್ಟು. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಅದೇ ಕಾರು 100 ಮೀಟರ್ ಎತ್ತರದ ಗುಡ್ಡವನ್ನು ಬರೀ ಬ್ರೇಕ್ ಮೇಲೆ ಇಳಿದರೂ ನಾಲ್ಕು ಪಟ್ಟು ಬಿಸಿ. ಲೈನರ್ ಮಿತಿ ಮೀರಿ ಕಾದರೆ ಹಿಡಿತ ಇಳಿಯುತ್ತದೆ. ಇದಕ್ಕೆ ಬ್ರೇಕ್ ಫೇಡ್ ಎನ್ನುತ್ತಾರೆ.

ರೇಸ್ ಪ್ಯಾಡ್ ಈ ಫೇಡ್ ತಡೆಯಲೆಂದೇ ತಯಾರಾದದ್ದು. ಆದರೆ ಅಂಥ ಅನೇಕ ಪ್ಯಾಡ್‌ಗಳು ಚೆನ್ನಾಗಿ ಹಿಡಿಯಬೇಕಾದರೆ ನೂರಾರು ಡಿಗ್ರಿ ಕಾಯಬೇಕು. ತಣ್ಣಗಿದ್ದಾಗ ಅವುಗಳ ಹಿಡಿತ ಕಡಿಮೆ. ರೇಸ್ ಟ್ರ್ಯಾಕಿನಲ್ಲಿ ಚಾಲಕರು ಮೊದಲು ಸುತ್ತು ಹೊಡೆದು ಬ್ರೇಕ್ ಕಾಯಿಸುತ್ತಾರೆ. ಬೈಲಹೊಂಗಲದ ರಸ್ತೆಯಲ್ಲಿ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಅಡ್ಡ ಬಂದಾಗ ಆ ಅವಕಾಶ ಸಿಗುವುದಿಲ್ಲ. ಬೆಳಗಿನ ಮೊದಲ ಬ್ರೇಕ್ ತಣ್ಣಗೇ ಹಿಡಿಯಬೇಕು. ಹಳೆಯ ಎಂಜಿ, ಟ್ರಯಂಫ್ ಕಾರುಗಳಲ್ಲಿ ಅನೇಕಕ್ಕೆ ಪೆಡಲ್ ಒತ್ತಡ ಹೆಚ್ಚಿಸುವ ಬೂಸ್ಟರ್ ಕೂಡ ಇಲ್ಲ. ಅಲ್ಲಿ ಗಟ್ಟಿ ರೇಸ್ ಪ್ಯಾಡ್ ಹಾಕಿದರೆ ಕಾಲು ಎಷ್ಟು ಒತ್ತಿದರೂ ಗಾಡಿ ಮುಂದೆ ಜಾರುತ್ತದೆ.

ಹಾಗಾದರೆ ಆರಿಸುವುದು ಹೇಗೆ?

• ದಿನನಿತ್ಯದ ರಸ್ತೆಗೆ ರಸ್ತೆಯ ಪ್ಯಾಡೇ ಸಾಕು. ಘಾಟಿ, ಗುಡ್ಡಗಳಲ್ಲಿ ಜೋರಾಗಿ ಓಡಿಸುವವರು ತಣ್ಣಗೂ ಹಿಡಿಯುವ, ಬಿಸಿಯನ್ನೂ ತಾಳುವ ಫಾಸ್ಟ್ ರೋಡ್ ಬಗೆಯದನ್ನು ಕೇಳಿ. ರೇಸ್ ಪ್ಯಾಡ್ ಟ್ರ್ಯಾಕಿಗೆ ಮಾತ್ರ.

• ಅನೇಕ ಪ್ಯಾಡ್ ಮತ್ತು ಲೈನರ್‌ಗಳ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಹೆಚ್ಚು ಬಿಸಿಯಲ್ಲಿನ ಹಿಡಿತ. ಇ ಅಂದರೆ ಘರ್ಷಣೆಯ ಅಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲಿನದಕ್ಕಿಂತ ಕೆಳಗಿನದಾಗಿದ್ದರೆ ಬಿಸಿಯಲ್ಲಿ ಹಿಡಿತ ಇಳಿಯುತ್ತದೆ ಎಂದರ್ಥ.

• ಎಡಕ್ಕೊಂದು ಬಲಕ್ಕೊಂದು ಬಗೆಯ ಪ್ಯಾಡ್ ಬೇಡ. ಎರಡೂ ಬದಿ ಒಟ್ಟಿಗೆ ಬದಲಿಸಿ. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

• ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ತಯಾರಕರು ಹೇಳಿದಂತೆ ಖಾಲಿ ರಸ್ತೆಯಲ್ಲಿ ಹಲವು ಬಾರಿ ಮೆತ್ತಗೆ ಬ್ರೇಕ್ ಹಾಕಿ ಡಿಸ್ಕಿಗೆ ಹೊಂದಿಸಬೇಕು.

• ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದರೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಯಾವ ದುಬಾರಿ ಪ್ಯಾಡೂ ಕಾಪಾಡದು. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಿ.

• ಹಳೆಯ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಬೇಕು.

ಇನ್ನೊಂದು ತಪ್ಪು ನಂಬಿಕೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು. ನ್ಯೂಟ್ರಲ್ ಆದರೆ ಎಂಜಿನ್ ಗಾಡಿಯನ್ನು ಹಿಡಿದಿಡುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆ ಮುಗಿಸಿ ಸವದತ್ತಿಯ ಯಲ್ಲಮ್ಮನ ಗುಡ್ಡ ಇಳಿಯುವಾಗ ಗಾಡಿಗಳ ಸಾಲಿನಲ್ಲಿ ಬ್ರೇಕ್ ಒತ್ತಿಕೊಂಡೇ ಬರಬೇಕಾಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯಿರಿ, ಬ್ರೇಕಿಗೆ ತಣಿಯಲು ಬಿಡುವು ಕೊಡಿ.

ಕೊನೆಯ ವರ್ಷಗಳು

ತವರಿನಿಂದ ಮರಳಿದ ಬರ್ತಾ, ಗಾಡಿಗೆ ಏರು ಹತ್ತಲು ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ಸೂಚಿಸಿದರು. ಅದೇ ವರ್ಷ ಮ್ಯೂನಿಕ್ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. 1899ರ ಹೊತ್ತಿಗೆ ಬೆಂಜ್ ಕಂಪನಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ತಯಾರಿಸುವ ಕಂಪನಿಯಾಗಿತ್ತು. ಕಾರ್ಲ್ 1929ರಲ್ಲಿ ಲಾಡೆನ್‌ಬುರ್ಗ್ ಪಟ್ಟಣದ ಮನೆಯಲ್ಲಿ ತೀರಿಕೊಂಡರು. ಬರ್ತಾ ಅಲ್ಲೇ ಉಳಿದರು. 1944ರ ಮೇ 3ರಂದು, ಅವರ 95ನೇ ಹುಟ್ಟುಹಬ್ಬದ ದಿನ, ಕಾರ್ಲ್‌ಸ್ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಸೆನೆಟರ್ ಪದವಿ ಕೊಟ್ಟಿತು. ಎರಡು ದಿನಗಳ ನಂತರ ಅವರು ತೀರಿಕೊಂಡರು. ಅವರು ಗಾಡಿ ಓಡಿಸಿದ ದಾರಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಗುರುತಿಸಲಾಯಿತು. ಬೌಶ್ಲಾಟ್ ಕೂಡ ಆ ಮಾರ್ಗದಲ್ಲಿದೆ.