ಐದೈದು ಪುಟಗಳ ಎರಡು ಪ್ರಬಂಧ: ಜಿ.ಎನ್. ರಾಮಚಂದ್ರನ್ ಸಾಧನೆ

ಯಶವಂತಪುರದ ಮಗ್ಗುಲಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳೆಯ ತಲೆಮಾರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತದೆ. ಅಲ್ಲಿ ದುಡಿದ ಸರ್ ಸಿ.ವಿ. ರಾಮನ್ ಅವರ ಹೆಸರು ಮನೆಮಾತು. ಆದರೆ ಅವರ ಶಿಷ್ಯ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರನ್ನು ಬಲ್ಲವರು ವಿಜ್ಞಾನ ವಲಯದ ಹೊರಗೆ ವಿರಳ. ರಾಮಚಂದ್ರನ್ ಕ್ಯಾನ್ಸರ್ ವೈದ್ಯರಲ್ಲ, ಭೌತವಿಜ್ಞಾನಿ. ಆದರೂ ಕ್ಯಾನ್ಸರಿನ ಪತ್ತೆ ಮತ್ತು ಔಷಧ ಸಂಶೋಧನೆ ಎರಡೂ ಅವರಿಗೆ ಋಣಿಯಾಗಿವೆ. ಆ ಋಣಕ್ಕೆ ಕಾರಣವಾದ ಎರಡು ಪ್ರಬಂಧಗಳೂ ತಲಾ ಐದೇ ಪುಟದವು ಎಂಬುದು ಗಮನಾರ್ಹ.

ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬೆಂಗಳೂರಿಗೆ ಬಂದರು. ಯುವಕನ ಪ್ರತಿಭೆಯನ್ನು ಕಂಡ ರಾಮನ್ ಭೌತವಿಜ್ಞಾನ ವಿಭಾಗಕ್ಕೆ ಸೆಳೆದುಕೊಂಡರು. ಮುಂದೆ ಕೇಂಬ್ರಿಡ್ಜಿನಲ್ಲಿ ಡಾಕ್ಟರೇಟ್ ಪಡೆದು 1949ರಲ್ಲಿ ಬೆಂಗಳೂರಿಗೆ ಮರಳಿದ ಅವರು, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ನೀಡುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಆಗ ಬಿಡಿಸಲಾಗದ ಒಗಟಾಗಿತ್ತು. ಅದು ಮೂರು ಎಳೆಗಳ ಸುರುಳಿಯೆಂದು ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಇದಕ್ಕೆ ಆಕ್ಷೇಪವೆತ್ತಿದರು. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಸಾಧ್ಯವಾಗದಷ್ಟು ಹತ್ತಿರದಲ್ಲಿವೆ ಎಂಬುದು ಅವರ ವಾದ. ಕಾಲಾಂತರದಲ್ಲಿ ಮೂರೆಳೆಯ ಮೂಲ ಕಲ್ಪನೆ ಸ್ಥಿರವಾಗಿ ನಿಂತಿತು. ಎಳೆಗಳನ್ನು ಬೆಸೆಯುವ ಜಲಜನಕ ಬಂಧಗಳ ಸಂಖ್ಯೆಯಲ್ಲಿ ಮಾತ್ರ ಟೀಕಾಕಾರರ ಮಾತೇ ಸರಿಯೆಂದು ಸಿದ್ಧವಾಯಿತು.

ರಾಮಚಂದ್ರನ್ ಈ ಟೀಕೆಯಿಂದ ಎದೆಗುಂದಲಿಲ್ಲ. ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂಬ ಪ್ರಶ್ನೆಯನ್ನೇ ಸಂಶೋಧನೆಗೆ ಎತ್ತಿಕೊಂಡರು. ಅದುವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಜಾಲಾಡಿ, ಕನಿಷ್ಠ ಅಂತರಗಳನ್ನು ಕಲೆಹಾಕಿದರು. ಪ್ರೋಟೀನಿನ ಸರಪಳಿ ಪ್ರತಿ ಕೊಂಡಿಯಲ್ಲೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಒಂದೇ ನಕ್ಷೆಯಲ್ಲಿ ಮೂಡಿಸಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪ್ರಕಟಿಸಿದರು. ಅದೇ ರಾಮಚಂದ್ರನ್ ನಕ್ಷೆ. ಕ್ಯಾನ್ಸರ್ ಔಷಧಕ್ಕೆ ಗುರಿಯಾಗುವ ಪ್ರೋಟೀನಿರಲಿ, ವೈರಾಣುವಿನ ಪ್ರೋಟೀನಿರಲಿ, ಹೊಸದಾಗಿ ಬಿಡಿಸಿದ ರಚನೆ ಸರಿಯಿದೆಯೇ ಎಂದು ಒರೆಗೆ ಹಚ್ಚುವುದು ಇಂದಿಗೂ ಈ ನಕ್ಷೆಯಿಂದಲೇ.

ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಹಿಂದಿರುಗಿದ ರಾಮಚಂದ್ರನ್, ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಬರೆದ ಎರಡನೆಯ ಪ್ರಬಂಧ 1971ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು. ಹಲವು ಕೋನಗಳಿಂದ ತೆಗೆದ ಎಕ್ಸ್-ರೇ ಚಿತ್ರಗಳಿಂದ ವಸ್ತುವಿನ ಒಳಗನ್ನು ಮರುರೂಪಿಸುವುದು ಹೇಗೆಂಬುದು ಅದರ ವಸ್ತು. ಪ್ರತಿ ಚಿತ್ರವನ್ನು ಗಣಿತದ ಒಂದು ಶೋಧಕದಿಂದ ತಿದ್ದಿ, ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹರಡಿ ಕೂಡಿಸಿದರೆ ಸಾಕು, ಲೆಕ್ಕಾಚಾರದ ಭಾರ ಬಹಳ ತಗ್ಗುತ್ತದೆ ಎಂದು ಅವರು ತೋರಿಸಿದರು. ರೇಡಿಯೋ ಖಗೋಳವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೇ ವಿಧಾನವನ್ನು ಕಂಡುಕೊಂಡಿದ್ದರು.

ಅದೇ 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ, ಮೆದುಳಿನ ಗಡ್ಡೆಯ ಶಂಕೆಯಿದ್ದ ರೋಗಿಯೊಬ್ಬರಿಗೆ ಮೊದಲ ಸಿ.ಟಿ. ಸ್ಕ್ಯಾನ್ ನಡೆಯಿತು. ಆ ಯಂತ್ರ ಬೇರೆ ಲೆಕ್ಕದ ಮೇಲೆ ನಿಂತಿತ್ತು. ಆದರೆ ನಂತರದ ಯಂತ್ರಗಳು ಸುರುಳಿ ಶೋಧನೆಯ ಈ ಹಾದಿಯನ್ನೇ ಹಿಡಿದವು. ದಶಕಗಳ ಕಾಲ ಅದೇ ರೂಢಿಯ ವಿಧಾನವಾಗಿತ್ತು. ಗಡ್ಡೆಯ ಗಾತ್ರ ಅಳೆಯಲು, ಅದು ಹರಡಿದೆಯೇ ಎಂದು ನೋಡಲು, ವಿಕಿರಣ ಚಿಕಿತ್ಸೆಯ ಗುರಿ ಗೊತ್ತುಪಡಿಸಲು ಸಿ.ಟಿ. ಅನಿವಾರ್ಯವಾಯಿತು. 1979ರ ನೊಬೆಲ್ ಪ್ರಶಸ್ತಿ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು.

ರಾಮಚಂದ್ರನ್ ಅವರಿಗೆ ನೊಬೆಲ್ ಒಲಿಯಲಿಲ್ಲ. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳುವಿಜ್ಞಾನದ ಇವಾಲ್ಡ್ ಪ್ರಶಸ್ತಿ ದೊರೆತವು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಬಾಧಿಸಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಪ್ರಬಂಧಗಳ ಸಂಖ್ಯೆಯಿಂದ, ಉಲ್ಲೇಖಗಳ ಎಣಿಕೆಯಿಂದ ವಿಜ್ಞಾನಿಯನ್ನು ಅಳೆಯುವ ಕಾಲವಿದು. ರಾಮಚಂದ್ರನ್ ಅವರ ವಿಷಯದಲ್ಲಿ ಆ ಅಳತೆ ಸೋಲುತ್ತದೆ. ಅವರ ನಕ್ಷೆ ಎಷ್ಟು ಬಳಕೆಯಾಗಿದೆಯೆಂದರೆ, ಸಂಶೋಧಕರು 1963ರ ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಹೆಸರನ್ನಷ್ಟೇ ಬರೆದು ಮುಂದೆ ಸಾಗುವುದು ಸಾಮಾನ್ಯವಾಗಿದೆ. ಸ್ಕ್ಯಾನ್ ಯಂತ್ರದ ಮೇಲಂತೂ ಆ ಹೆಸರೂ ಇಲ್ಲ. ಬೆಂಗಳೂರಿನಲ್ಲಿ ಅವರು ಕಟ್ಟಿದ ವಿಭಾಗ ಮಾತ್ರ ಇಂದಿಗೂ ಪ್ರೋಟೀನುಗಳ ಅಧ್ಯಯನವನ್ನು ಮುಂದುವರಿಸಿದೆ.