ನುಸಿಗುಳಿಗೆಗೂ ಅಯಸ್ಕಾಂತಕ್ಕೂ ಏನು ನಂಟು? ಮದ್ರಾಸಿನ ಊಟದ ಬಿಡುವಿನಲ್ಲಿ ಪಾಠ ಹೇಳಿದ ಕೆ.ಎಸ್. ಕೃಷ್ಣನ್ ಕಥೆ

ಗಿಂಡಿ (ಚೆನ್ನೈ): ಅಯಸ್ಕಾಂತ ಕಬ್ಬಿಣದ ಮೊಳೆಯನ್ನು ಎಳೆಯುತ್ತೆ, ಅಲ್ಯೂಮಿನಿಯಂ ಚಮಚವನ್ನು ಯಾಕೆ ಎಳೆಯಲ್ಲ ಸಾರ್? ಆರನೇ ಕ್ಲಾಸಿನಲ್ಲಿ ಯಾವುದಾದರೂ ಒಂದು ಮಗು ಇದನ್ನು ಕೇಳಿಯೇ ಕೇಳುತ್ತದೆ. ಅದು ಅಯಸ್ಕಾಂತೀಯ ವಸ್ತು ಅಲ್ಲ, ಅದಕ್ಕೆ ಎಂದು ಹೇಳಿ ಮುಂದಿನ ಪುಟ ತಿರುಗಿಸುವುದು ಸುಲಭ. ಆದರೆ ಇದೇ ಪ್ರಶ್ನೆಯ ಬೆನ್ನು ಹತ್ತಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಒಬ್ಬ ವಿಜ್ಞಾನಿ ಇದ್ದರು. ಅವರ ಪಾಠದ ಮೊದಲ ಮೆಟ್ಟಿಲು ಇದೇ ಊರಿನಲ್ಲಿದೆ.

ಗಿಂಡಿ ಸ್ಟೇಷನ್ನಿನಲ್ಲಿ ನಿಂತರೆ ಒಂದು ಕಡೆಯ ಲೋಕಲ್ ರೈಲು ಬೀಚ್ ಸ್ಟೇಷನ್ನಿಗೆ, ಇನ್ನೊಂದು ಕಡೆಯದು ತಾಂಬರಂಗೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜು ಈಗಿರುವುದು ತಾಂಬರಂನಲ್ಲಿ. 1937ಕ್ಕೆ ಮೊದಲು ಅದು ಇದ್ದದ್ದು ಬೀಚ್ ಕಡೆ, ಹೈಕೋರ್ಟಿನ ಆಸುಪಾಸಿನ ಜಾರ್ಜ್ ಟೌನ್‌ನಲ್ಲಿ. ಅಲ್ಲಿ ಓದಿ, ಅಲ್ಲೇ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಕೆಲಸಕ್ಕೆ ಸೇರಿದವರು ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್. ಲ್ಯಾಬಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಹುದ್ದೆ ಅದು.

ಕೃಷ್ಣನ್ ಅಷ್ಟಕ್ಕೇ ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಿಗೆ ಕೂತರು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಯಾವುದರಲ್ಲಾದರೂ ಸರಿ, ಏನು ಬೇಕಾದರೂ ಕೇಳಬಹುದಿತ್ತು. ಸಿಲೆಬಸ್ಸಿನ ಗಡಿ ಇರಲಿಲ್ಲ. ಸುದ್ದಿ ಹಬ್ಬಿ ಬೇರೆ ಕಾಲೇಜಿನ ಹುಡುಗರೂ ಬರತೊಡಗಿದರು. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಇವತ್ತಿನ ಎಷ್ಟೋ ಶಿಕ್ಷಕರಿಗಿದೆ. ಇಪ್ಪತ್ತರ ಆಸುಪಾಸಿನ ಆ ಡೆಮಾನ್‌ಸ್ಟ್ರೇಟರ್‌ಗೆ ಆ ಭಯ ಇದ್ದಂತೆ ಕಾಣುವುದಿಲ್ಲ.

ಅದಕ್ಕೆ ಕಾರಣ ಅವರ ಶಾಲೆಯಲ್ಲೇ ಸಿಗುತ್ತದೆ. ಕೃಷ್ಣನ್ ಹುಟ್ಟಿದ್ದು 1898ರ ಡಿಸೆಂಬರ್ 4ರಂದು, ಈಗಿನ ವಿರುದುನಗರ ಜಿಲ್ಲೆಯ ವತ್ರಾಪ್ ಎಂಬ ಊರಿನಲ್ಲಿ. ತಂದೆ ಬೇಸಾಯಗಾರರು, ತಮಿಳು ಮತ್ತು ಸಂಸ್ಕೃತ ಬಲ್ಲವರು. ಹೈಸ್ಕೂಲು ಓದಿದ್ದು ಆಂಡಾಳ್ ದೇವಸ್ಥಾನದ ಊರು ಶ್ರೀವಿಲ್ಲಿಪುತ್ತೂರಿನಲ್ಲಿ. ತಮ್ಮ ಶಾಲಾ ದಿನಗಳ ವಿಜ್ಞಾನದ ಮೇಷ್ಟ್ರನ್ನು ಅವರು ಮುಂದೆ ದೊಡ್ಡವರಾದ ಮೇಲೂ ನೆನೆದು ಬರೆದರು. ಆ ಮೇಷ್ಟ್ರು ಭೌತಶಾಸ್ತ್ರವನ್ನು ಆಳವಾಗಿ ಓದಿದವರಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆದರೂ ಸರಳ ವಿಷಯವನ್ನು ಮನಸ್ಸಿಗೆ ನಾಟುವಂತೆ ಹೇಳುವ ಕಲೆ ಅವರಿಗೆ ಒಲಿದಿತ್ತು. ಪಾಠ ಕೇಳಿದ ಹುಡುಗರು ಮನೆಗೆ ಹೋಗಿ ತಾವೇ ಪ್ರಯೋಗ ಮಾಡಿ ನೋಡುವಂತಾಗುತ್ತಿತ್ತು. ದೊಡ್ಡ ಪಂಡಿತರಿಂದ ಆಗದ್ದು ಇವರಿಂದ ಆಯಿತು ಎಂಬುದು ಕೃಷ್ಣನ್ ಲೆಕ್ಕಾಚಾರ.

1920ರಲ್ಲಿ ಅವರು ಕಲ್ಕತ್ತೆಗೆ ಹೊರಟರು. 1923ರಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದಾಗ ಪ್ರಯೋಗದಲ್ಲಿ ಜೊತೆಗಿದ್ದವರು ಕೃಷ್ಣನ್. ನೇಚರ್ ಪತ್ರಿಕೆಯಲ್ಲಿ ಬಂದ ಮೊದಲ ಟಿಪ್ಪಣಿಯಲ್ಲಿ ಇಬ್ಬರ ಹೆಸರೂ ಇದೆ. 1930ರ ನೊಬೆಲ್ ಮಾತ್ರ ರಾಮನ್ ಒಬ್ಬರಿಗೇ ಬಂತು. ಈ ಬಗ್ಗೆ ಇಂದಿಗೂ ವಾದ ನಡೆಯುತ್ತದೆ. ಆ ವಾದದ ಗದ್ದಲದಲ್ಲಿ ಕೃಷ್ಣನ್ ಸ್ವಂತವಾಗಿ ಮಾಡಿದ ಕೆಲಸ ಮರೆಯಾಗಿರುವುದೇ ಬೇಸರದ ಸಂಗತಿ.

ಆ ಕೆಲಸ ಶುರುವಾದದ್ದು 1928ರ ಕೊನೆಯಲ್ಲಿ, ಅವರು ಢಾಕಾ ವಿಶ್ವವಿದ್ಯಾಲಯಕ್ಕೆ ರೀಡರ್ ಆಗಿ ಹೋದ ಮೇಲೆ. ಸತ್ಯೇಂದ್ರನಾಥ ಬೋಸ್ ಇದ್ದದ್ದೂ ಅದೇ ವಿಭಾಗದಲ್ಲಿ. ಅಲ್ಲಿ ಕೃಷ್ಣನ್ ಕೈಗೆತ್ತಿಕೊಂಡದ್ದು ಅಯಸ್ಕಾಂತಕ್ಕೆ ಅಂಟದ ವಸ್ತುಗಳನ್ನು.

ಅಯಸ್ಕಾಂತಕ್ಕೆ ಸ್ಪಂದಿಸದ ವಸ್ತುವೇ ಇಲ್ಲ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಜೋರಾಗಿ ಸ್ಪಂದಿಸುತ್ತವೆ, ಹಾಗಾಗಿ ನಮ್ಮ ಕಣ್ಣಿಗೆ ಬೀಳುತ್ತವೆ. ಅಲ್ಯೂಮಿನಿಯಂ ಕೂಡ ಅಯಸ್ಕಾಂತದತ್ತ ವಾಲುತ್ತದೆ, ಆದರೆ ಆ ಎಳೆತ ಕೈಗೆ ತಿಳಿಯದಷ್ಟು ಕಡಿಮೆ. ನೀರು, ತಾಮ್ರ, ನ್ಯಾಫ್ತಲೀನ್ ಇವೆಲ್ಲ ಇನ್ನೂ ವಿಚಿತ್ರ. ಅವು ಅಯಸ್ಕಾಂತದಿಂದ ತುಸುವೇ ದೂರ ಸರಿಯುತ್ತವೆ. ಇವುಗಳಿಗೆ ಡಯಾಮ್ಯಾಗ್ನೆಟಿಕ್ ವಸ್ತುಗಳೆಂದು ಹೆಸರು.

ನ್ಯಾಫ್ತಲೀನ್ ಎಂದರೆ ಬಟ್ಟೆಯ ಬೀರುವಿನಲ್ಲಿ ಇಡುವ ನುಸಿಗುಳಿಗೆ. ಅದರ ಹರಳನ್ನು ತೆಗೆದುಕೊಂಡರೆ ಆ ತಳ್ಳಾಟ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇರುವುದಿಲ್ಲ. ಸೌದೆ ಒಂದು ದಿಕ್ಕಿಗೆ ಸಲೀಸಾಗಿ ಸೀಳುತ್ತದೆ, ಇನ್ನೊಂದು ದಿಕ್ಕಿಗೆ ಜಗ್ಗುವುದಿಲ್ಲವಲ್ಲ, ಹಾಗೆ. ಈ ವ್ಯತ್ಯಾಸ ಅಳೆಯಲು ಕೃಷ್ಣನ್ ತಂಡ ಹರಳನ್ನು ಕೂದಲಿನಂತಹ ಕ್ವಾರ್ಟ್ಜ್ ಎಳೆಯಿಂದ ಅಯಸ್ಕಾಂತದ ಧ್ರುವಗಳ ನಡುವೆ ತೂಗುಹಾಕಿತು. ಎಳೆಯ ಮೇಲ್ತುದಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಹರಳು ಹಟ ಹಿಡಿದಂತೆ ಹೆಚ್ಚುಕಡಿಮೆ ಇದ್ದಲ್ಲೇ ನಿಲ್ಲುತ್ತದೆ. ಒಂದು ಕೋನ ದಾಟಿದ ಕೂಡಲೇ ಗಿರಕ್ಕನೆ ತಿರುಗಿಬಿಡುತ್ತದೆ. ಎಳೆಯನ್ನು ಎಷ್ಟು ತಿರುಚಿದಾಗ ಹೀಗಾಯಿತು ಎಂದು ನೋಡಿದರೆ ಲೆಕ್ಕ ಸಿಗುತ್ತದೆ. ಆ ಲೆಕ್ಕದಿಂದ ಹರಳಿನ ಒಳಗೆ ಚಪ್ಪಟೆ ಅಣುಗಳು ಯಾವ ಕಡೆ ಒರಗಿ ಮಲಗಿವೆ ಎಂಬುದನ್ನೂ ಹೇಳಬಹುದು. ಕಣ್ಣಿಗೆ ಕಾಣದ ಅಣುವಿನ ಭಂಗಿಯನ್ನು ಒಂದು ಎಳೆ, ಒಂದು ಅಯಸ್ಕಾಂತ ಬಯಲು ಮಾಡಿದವು. 1933ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆ ಈ ಸರಣಿಯ ಮೊದಲ ಭಾಗ ಪ್ರಕಟಿಸಿತು. 1940ರಲ್ಲಿ ಸೊಸೈಟಿಯ ಫೆಲೋ ಗೌರವವೂ ಬಂತು.

ಕ್ವಾರ್ಟ್ಜ್ ಎಳೆ ಶಾಲೆಯಲ್ಲಿ ಎಲ್ಲಿ ಸಿಗಬೇಕು ಅನ್ನುವ ಶಿಕ್ಷಕರಿಗೆ ಬೇರೆ ದಾರಿ ಇದೆ. ಜ್ಯೂಸ್ ಕುಡಿಯುವ ಕೊಳವೆಯ ಎರಡು ತುದಿಗೆ ಎರಡು ದ್ರಾಕ್ಷಿ ಚುಚ್ಚಿ, ನಡುವೆ ದಾರ ಕಟ್ಟಿ ತೂಗುಹಾಕಿ. ಫ್ಯಾನ್ ಆಫ್ ಮಾಡಿ, ಅಲುಗಾಟ ನಿಲ್ಲಲು ಬಿಡಿ. ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ದ್ರಾಕ್ಷಿಯ ಹತ್ತಿರ ತಂದರೆ ಅದು ಮೆಲ್ಲಗೆ ದೂರ ಸರಿಯುತ್ತದೆ, ಒಳಗಿರುವ ನೀರಿನ ಕಾರಣದಿಂದ. ಅಯಸ್ಕಾಂತವನ್ನು ತಿರುಗಿಸಿ ಇನ್ನೊಂದು ಧ್ರುವ ಹಿಡಿದರೂ ದೂರವೇ ಹೋಗುತ್ತದೆ. ಮಕ್ಕಳು ಯಾಕೆ ಎಂದು ಕೇಳದೆ ಬಿಡುವುದಿಲ್ಲ.

ಮುಂದಿನ ವರ್ಷಗಳು ಹುದ್ದೆಗಳ ಪಟ್ಟಿ. 1933ರಲ್ಲಿ ಮತ್ತೆ ಕಲ್ಕತ್ತೆ, 1942ರಲ್ಲಿ ಅಲಹಾಬಾದ್, 1946ರಲ್ಲಿ ಸರ್ ಪದವಿ, 1954ರಲ್ಲಿ ಪದ್ಮಭೂಷಣ. 1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಮೊದಲ ನಿರ್ದೇಶಕರಾದರು. 1961ರ ಜೂನ್‌ನಲ್ಲಿ ತೀರಿಕೊಂಡರು. ಆ ಪ್ರಯೋಗಾಲಯದ ಮುಂದಿನ ರಸ್ತೆ ಇಂದು ಡಾ. ಕೆ.ಎಸ್. ಕೃಷ್ಣನ್ ಮಾರ್ಗ. ಶ್ರೀವಿಲ್ಲಿಪುತ್ತೂರಿನ ದಿನಗಳ ಆ ಮೇಷ್ಟ್ರ ಹೆಸರು ಮಾತ್ರ ಯಾವ ಬೋರ್ಡಿನ ಮೇಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.